ವೀಣೆ ನೆಲ ಮುಟ್ಟಬಾರದು

ಹಿತ್ತಾಳೆಯ ತಾಳ ಮನುಷ್ಯನ ಕಿವಿಯ ಮೇಲೆ ಬಿದ್ದರೆ ನಾದ ಹೊರಡುವುದಿಲ್ಲ. ಮಾಂಸ ಅದನ್ನು ಅಲ್ಲೇ ನುಂಗಿಬಿಡುತ್ತದೆ. ಹಸಿ ಗೋಡೆಗೆ ಸಲಿಕೆ ಬಡಿದಂಥ ಒಂದು ಮೊಂಡು ಸಪ್ಪಳ ಬರುತ್ತದೆ, ಅಷ್ಟೆ. ಹೋದ ವರ್ಷದ ಶ್ರಾವಣದಲ್ಲಿ ಅದನ್ನು ನಾನು ನಾಲ್ಕು ಮಾರು ದೂರದಿಂದ ಕೇಳಿದೆ. ಈಗಲೂ ಬಚ್ಚಲಲ್ಲಿ ತಂಬಿಗೆ ಕೈಜಾರಿ ಬಿದ್ದರೆ ನನ್ನ ಎರಡೂ ಕೈ ತಾವಾಗಿಯೇ ಕಿವಿಗೆ ಹೋಗುತ್ತವೆ.

ಆ ಪೆಟ್ಟು ತಿಂದವರು ನನ್ನ ಗಣಿತ ಮಾಸ್ತರು. ಈ ವರ್ಷ ಆಷಾಢದ ಕೊನೆಗೆ ತೀರಿಕೊಂಡರು. ಎದೆನೋವಿನಿಂದ ಹೋದರು, ಹಳೆಯ ಪೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ಇರಬಹುದು. ಅವರ ಹೆಸರನ್ನಾಗಲಿ ನಮ್ಮೂರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ತಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವಾಗ ದ್ರಾಕ್ಷಿ ಪಡಗಳ ನಡುವೆ ಸಿಗುವ ಒಂದು ಊರು ಎಂದರೆ ಸಾಕು. ಈ ಶ್ರಾವಣ ಮುಗಿದ ವಾರ ಮನೆಯ ಮುಂದೆ ನಿಲ್ಲಿಸಿದ್ದ ನನ್ನ ಮೋಟಾರ್ ಸೈಕಲ್ಲಿಗೆ ಬೆಂಕಿ ಬಿತ್ತು. ಆಮೇಲಿಂದ ತೊರವಿಯ ಹತ್ತಿರ ಬಾಡಿಗೆ ಖೋಲಿಯಲ್ಲಿದ್ದೇನೆ. ಅಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ.

ಮಾಸ್ತರು ಸಾಧುವಾಗಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು. ಹೈಸ್ಕೂಲಿನಲ್ಲಿ ನಮ್ಮನ್ನು ಹೊಡೆಯುತ್ತಿದ್ದರು, ಅದೂ ಲೆಕ್ಕ ತಪ್ಪಿದ್ದಕ್ಕಲ್ಲ, ತಪ್ಪನ್ನು ಸಡಿಲವಾಗಿ ಹೇಳಿದ್ದಕ್ಕೆ. ಒಂದು ದಿನ ಅವರು ಒಂದು ಹಲಗೆಗೆ ಎರಡು ಮೊಳೆ ಹೊಡೆದು, ನಡುವೆ ಉಕ್ಕಿನ ತಂತಿ ಬಿಗಿದು ವರ್ಗಕ್ಕೆ ತಂದರು. ತಂತಿಯನ್ನು ಮೂರು ಪಾಲು ಮಾಡಿ, ಎರಡು ಪಾಲನ್ನಷ್ಟೇ ಮೀಟಿದರು. ಅದು ಪಂಚಮ. ಆ ಪಂಚಮವನ್ನೇ ಷಡ್ಜ ಮಾಡಿಕೊಂಡು ಮತ್ತೆ ಪಂಚಮಕ್ಕೆ ಹೋಗು, ಅಲ್ಲಿಂದ ಮತ್ತೆ ಪಂಚಮಕ್ಕೆ. ಹೀಗೆ ಹನ್ನೆರಡು ಹೆಜ್ಜೆ ಹೋದರೆ ಹೊರಟಲ್ಲಿಗೇ, ಅಂದರೆ ಮೇಲಿನದೊಂದು ಷಡ್ಜಕ್ಕೆ, ಬರುತ್ತೇವೆ ಎಂದು ಮಂದಿ ತಿಳಿದಿದ್ದಾರೆ ಎಂದರು. ಬೋರ್ಡಿನ ಮೇಲೆ ಮೂರನ್ನು ಹನ್ನೆರಡು ಸಲ ಗುಣಿಸಿದರು. ಪಕ್ಕದಲ್ಲಿ ಎರಡನ್ನು ಹತ್ತೊಂಬತ್ತು ಸಲ. ಒಂದು ಕಡೆ 5,31,441. ಇನ್ನೊಂದು ಕಡೆ 5,24,288.

"ಎರಡೂ ಒಂದೇ ಏನ್ರಲೇ?"

ಮೊದಲ ಬೆಂಚಿನಲ್ಲಿದ್ದ ನಾನು ಎದ್ದು, "ಸುಮಾರ ಒಂದೇ ರಿ ಸರ್" ಎಂದೆ.

ಡಸ್ಟರ್ ನೇರ ಹಣೆಗೆ ಬಂತು. ಕಟ್ಟಿಗೆಯ ಕಡೆಯಿಂದಲೇ ಬಂತು.

"ಸುಮಾರ ಅಂತ ನಿಮ್ಮಪ್ಪನ ಹೊಲದಾಗ ಅನ್ನು. ಇಲ್ಲಿ ಎಷ್ಟ ಉಳೀತು, ಅದನ್ನ ಹೇಳು."

ಒಂದು ಕೈಯಿಂದ ರಕ್ತ ಒತ್ತಿಕೊಂಡು ಇನ್ನೊಂದು ಕೈಯಿಂದ ಕಳೆದೆ. ಏಳು ಸಾವಿರದ ನೂರ ಐವತ್ತಮೂರು. ಹಿಂದಿನ ಬೆಂಚಿನಲ್ಲಿ ಗೌಡರ ಮಗ ನಕ್ಕ. ಅವನ ಕೈ ಹಿಂದುಮುಂದು ಮಾಡಿಸಿ ಗೆಣ್ಣಿನ ಮೇಲೆ ನಾಲ್ಕು ಏಟು ಕೊಟ್ಟು ಬಂದು ಮಾಸ್ತರು ಏನೂ ಆಗದವರಂತೆ ಪಾಠ ಮುಂದುವರಿಸಿದರು.

"ಹನ್ನೆರಡ ಹೆಜ್ಜಿ ಹಾಕಿದರ ಮನಿ ಸಿಗಂಗಿಲ್ಲ. ಬಾಗಲಾ ದಾಟಿ ಮುಂದ ಹೋಗಿ ನಿಂತಿರತೀವಿ. ಈ ಉಳದದ್ದು ಐತೆಲ್ಲ, ಇದನ್ನ ಎಲ್ಲೆರೆ ಒಂದ ಕಡೆ ಇಡಬೇಕು. ಪೇಟಿ ಮಾಡವರು ಹನ್ನೆರಡೂ ಮನಿಗಿ ಚೂರ ಚೂರ ಹಂಚ್ಯಾರ. ಎಲ್ಲಾ ಚೂರ ಚೂರ ಸುಳ್ಳು, ಅದಕ್ಕ ಜಗಳಿಲ್ಲ. ಹಳೇ ಮಂದಿ ಹಂಚಲಿಲ್ಲ. ಒಂದ ಮೂಲ್ಯಾಗ ಇಟ್ಟರು. ಉಳದ ಮನಿ ಎಲ್ಲಾ ಖರೇ ಇದ್ದೂವು, ಆ ಮೂಲ್ಯಾಗ ಮಾತ್ರ ನಾಯಿ ಬೊಗಳತಿತ್ತು."

ಪೇಟಿ ಎಂದರೆ ಹಾರ್ಮೋನಿಯಂ, ಮನೆ ಎಂದರೆ ಅದರ ಒಂದೊಂದು ಕೀ. ನಮ್ಮ ಕಡೆ ಹಾಗೇ ಅನ್ನುತ್ತಾರೆ. ಬಿ.ಎಸ್ಸಿ. ಮುಗಿಸಿ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಊರ ಭಜನೆಗೆ ಪೇಟಿ ಬಾರಿಸುವವನು ನಾನೇ ಆದೆ. ಹಣೆಯ ಗಾಯದ ಗುರುತಿನ ಜೊತೆಗೆ ಮಾಸ್ತರ ಹತ್ತಿರ ಮತ್ತೆ ಹೋದದ್ದು ಈ ಪೇಟಿಯ ಸಲುವಾಗಿ.

ನಮ್ಮೂರ ಗುಡಿಯಲ್ಲಿ ಒಂದು ಹಳೆಯ ಗಂಟೆ ಇದೆ. ಊರು ಕಟ್ಟಿದ ಶರಣರು ಆ ಗಂಟೆಯ ನಾದಕ್ಕೇ ಷಡ್ಜ ಹಿಡಿದು ಹಾಡುತ್ತಿದ್ದರೆಂದು ನಂಬಿಕೆ. ಅದಕ್ಕೇ ನಮ್ಮ ಭಜನೆ ಇವತ್ತಿಗೂ ಆ ಗಂಟೆಯ ಸ್ವರದಲ್ಲೇ ಏಳಬೇಕು. ತೊಂದರೆಯೆಂದರೆ ಆ ಸ್ವರ ಪೇಟಿಯಲ್ಲಿಲ್ಲ. ಒಂದು ಕರಿ ಮನೆಗೂ ಅದರ ಪಕ್ಕದ ಬಿಳಿ ಮನೆಗೂ ನಡುವೆ ಎಲ್ಲೋ ಬೀಳುತ್ತದೆ. ತಲೆಮಾರಿನಿಂದ ಪೇಟಿಯವರಿಗೂ ಹಾಡುವವರಿಗೂ ಇದೇ ಜಗಳ.

ಮಾಸ್ತರು ನಿವೃತ್ತರಾಗಿ ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ ಎರಡು ಖೋಲಿಯ ಮನೆಯಲ್ಲಿದ್ದರು. ಹೆಂಡತಿ ತೀರಿಕೊಂಡಿದ್ದರು. ಗೋಡೆಗೆ ಬುದ್ಧನ ಪಟ, ಅದರ ಕೆಳಗೆ ಸಾಲಾಗಿ ತಂಬೂರಿಗಳು. ನಾನು ವಿಷಯ ಹೇಳಿದೆ. ಮರುವಾರ ಬಸ್ಸು ಹಿಡಿದು ನಮ್ಮೂರಿಗೆ ಬಂದರು. ಗುಡಿಯ ಮುಂದಿನ ಹಗ್ಗದ ಹೊರಗೆ ನಿಂತು, "ಬಾರಸು" ಎಂದರು. ನಾನು ಗಂಟೆ ಬಾರಿಸಿದೆ. ಕಣ್ಣು ಮುಚ್ಚಿ ಕೇಳಿ, ಒಂದು ಗುಟುಕು ನೀರನ್ನೂ ಕುಡಿಯದೆ ಬಂದ ಬಸ್ಸಿಗೇ ತಿರುಗಿ ಹೋದರು. ಆ ಹಗ್ಗ ಯಾಕಿದೆ ಎಂದು ನಮ್ಮೂರಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೇಳಿದರೆ ದನ ಒಳಗೆ ಬರಬಾರದೆಂದು ಅನ್ನುತ್ತಾರೆ. ಮಾಸ್ತರ ಅಪ್ಪ ನಮ್ಮೂರವರೇ. ಗುಡಿಯ ಮುಂದೆ ಹಲಗೆ ಬಾರಿಸುವ ಪಾಳಿ ಅವರದಾಗಿತ್ತು. ಬಾರಿಸುವ ಮುಂಚೆ ಹಗ್ಗದ ಹೊರಗೆ ಹುಲ್ಲು ಉರಿಸಿ, ಹಲಗೆಯ ಚರ್ಮ ಕಾಸಿ ಕಾಸಿ ಗಂಟೆಗೆ ಹೊಂದಿಸುತ್ತಿದ್ದರಂತೆ.

"ನಮ್ಮಪ್ಪ ಬೆಂಕಿಲೇ ಮಾಡತಿದ್ದ, ನಾ ಅರಾ ಹಿಡದ ಮಾಡತೀನಿ. ದೇವರ ಗೊಡವಿ ನಂಗಿಲ್ಲ ತಮ್ಮಾ. ಎರಡಕ್ಕ ಮೂರು ಅಂದರ ಎರಡಕ್ಕ ಮೂರ ಆಗಬೇಕು, ಅಷ್ಟ" ಎಂದು, ನಾನು ಅವರ ಮನೆಗೆ ಒಯ್ದ ಪೇಟಿಯ ಹೊಟ್ಟೆ ಬಿಚ್ಚಿದರು.

ಹಿತ್ತಾಳೆಯ ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಹನ್ನೊಂದು ದಿನ ಕೆರೆದರು. ರೈಲು ಬಂದಾಗ ಅರ ಎತ್ತಿ ಹಿಡಿದು ಸುಮ್ಮನೆ ಕೂಡುತ್ತಿದ್ದರು. ಕೊನೆಗೆ ನಾನು ಷಡ್ಜ ಗಾಂಧಾರ ಪಂಚಮ ಕೂಡಿಸಿ ಒತ್ತಿದಾಗ ಪೇಟಿಯೊಳಗಿನ ನಡುಕ ನಿಂತುಹೋಗಿತ್ತು. ಹೊಂಡದ ನೀರು ಗಾಳಿಯಿಲ್ಲದೆ ನಿಂತ ಹಾಗಿತ್ತು. ಸಂತೋಷಕ್ಕೆ ಬೇರೆ ಮನೆಗಳನ್ನೂ ಒತ್ತಿ ನೋಡಿದೆ. ಒಂದು ಮೂಲೆಯಲ್ಲಿ ಅಪಸ್ವರ ನಿಜವಾಗಿಯೂ ನಾಯಿಯಂತೆ ಬೊಗಳಿತು. ಮಾಸ್ತರು ಮುಚ್ಚಳವನ್ನು ನನ್ನ ಬೆರಳ ಮೇಲೆಯೇ ಹಾಕಿದರು.

"ಆ ಮೂಲಿಗಿ ಹೋಗಬ್ಯಾಡ ಅಂದಿದ್ದೆನಿಲ್ಲೋ?"

ಎರಡು ಉಗುರು ಕಪ್ಪಾಗಿ ಬಿದ್ದುಹೋದವು. ನನಗೆ ಸಿಟ್ಟು ಬರಲಿಲ್ಲ.

ಆಮೇಲೆ ತಿಳಿಯಿತು, ನಮ್ಮೂರ ವೀಣೆಯೂ ವರ್ಷ ವರ್ಷ ಅವರ ಕೈಯಿಂದಲೇ ಶ್ರುತಿ ಹೊಂದಿ ಬರುತ್ತಿತ್ತು. ಶ್ರಾವಣದಲ್ಲಿ ನಮ್ಮಲ್ಲಿ ಸಪ್ತಾಹ ನಡೆಯುತ್ತದೆ. ಏಳು ದಿನ ಹಗಲೂ ರಾತ್ರಿ ಭಜನೆ ನಿಲ್ಲುವುದಿಲ್ಲ. ನಡುವೆ ಒಬ್ಬ ತಂಬೂರಿಯನ್ನು ಹೆಗಲಿಗೆ ಆನಿಸಿಕೊಂಡು ಮೀಟುತ್ತ ನಿಂತಿರುತ್ತಾನೆ. ಅದನ್ನೇ ವೀಣೆ ಅನ್ನುತ್ತೇವೆ. ಎರಡೆರಡು ತಾಸಿನ ಪಾಳಿ. ಪಾಳಿ ಮುಗಿದವನ ಹೆಗಲಿಂದ ಮುಂದಿನವನ ಹೆಗಲಿಗೆ ಹೋಗಬೇಕೇ ಹೊರತು ಏಳು ದಿನವೂ ವೀಣೆ ನೆಲ ಮುಟ್ಟಬಾರದು. ಗಂಡಸರು ಮಾತ್ರ ಹಿಡಿಯಬೇಕು, ಅದರಲ್ಲೂ ಹಗ್ಗದ ಒಳಗಿನವರು. ಸಪ್ತಾಹಕ್ಕೆ ಮುಂಚೆ ಹಿರಿಯರು ವೀಣೆಯನ್ನು ಬಟ್ಟೆಯಲ್ಲಿ ಸುತ್ತಿ ವಿಜಯಪುರದ ಜೋರಾಪುರ ಪೇಟೆಯ ಒಂದು ವಾದ್ಯದ ಅಂಗಡಿಗೆ ಕಳಿಸುತ್ತಿದ್ದರು. ಅಂಗಡಿಯ ಚಾಚಾ ಅದನ್ನು ಇಬ್ರಾಹಿಂಪುರಕ್ಕೆ ಒಯ್ಯುತ್ತಿದ್ದರು. ಕೇಳಿದವರಿಗೆ ಹಿರಿಯರದು ಒಂದೇ ಮಾತು: "ಅಂಗಡಿಗಿ ಕೊಟ್ಟೇವಿ." ಬಂದ ಮೇಲೆ ಒಂದಿಷ್ಟು ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುತ್ತಿದ್ದರು.

ಹೋದ ವರ್ಷ ಐದನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಪಂಚಮದ ತಂತಿ ಹರಿಯಿತು. ಉಳಿದ ತಂತಿಗಳೂ ಇಳಿದುಹೋದವು. ಹಿರಿಯರು ನನ್ನನ್ನು ಬದಿಗೆ ಕರೆದು, "ಅಂಗಡ್ಯಾವರನ್ನ ಕರಕೊಂಡ ಬಾರೋ ಲಗೂನ" ಎಂದರು. ಚಾಚಾಗೆ ಜ್ವರ. "ನಾ ಬಂದರ ಏನ ಮಾಡ್ಲಿ ಬೇಟಾ? ಮಾಡೋರು ಯಾರಂತ ನಿಂಗ ಗೊತ್ತೈತಿ" ಎಂದರು. ಗೊತ್ತಿತ್ತು. ಮಾಸ್ತರನ್ನು ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಅವರು ಗಂಟೆಯ ಸ್ವರ ಗುನುಗುತ್ತ ನನ್ನ ಬೆನ್ನ ಮೇಲೆ ಬೆರಳಿನಿಂದ ತಾಳ ಬಡಿಯುತ್ತಿದ್ದರು. ಆ ಸವಾರಿಯನ್ನು ನಾನು ಮನಸ್ಸಿನಲ್ಲಿ ದಿನಕ್ಕೆ ಎಷ್ಟು ಸಲ ಮಾಡುತ್ತೇನೋ ಲೆಕ್ಕವಿಲ್ಲ. ಪ್ರತಿ ಸಲವೂ ತಿಕೋಟಾದಲ್ಲಿ ಗಾಡಿಯನ್ನು ಹಿಂದಕ್ಕೆ ತಿರುಗಿಸುತ್ತೇನೆ.

ಹಿರಿಯರು ಉಪಾಯ ಮಾಡಿದ್ದರು. ಆಗ ವೀಣೆ ನಮ್ಮ ಕಾಕಾನ ಹೆಗಲ ಮೇಲಿತ್ತು. ಕಾಕಾ ಹಗ್ಗದ ಒಳಗೆ ನಿಂತು ವೀಣೆಯ ಬುರುಡೆಯನ್ನು ಎದೆಗವಚಿಕೊಂಡು, ದಂಡಿಗೆಯನ್ನಷ್ಟೇ ಹಗ್ಗದ ಮೇಲಿಂದ ಆಚೆ ಚಾಚಿದ. ಮಾಸ್ತರು ಹೊರಗೆ ನಿಂತು ಬಿರಡೆ ತಿರುಗಿಸಬೇಕು.

"ಬುರಡಿಗಿ ಕೈ ಹಚ್ಚಬ್ಯಾಡ್ರಿ ಮಾಸ್ತರ" ಎಂದು ಹಿರಿಯರು ಮೆಲ್ಲಗೆ ಹೇಳಿದರು.

"ಬುರಡ್ಯಾಗ ನಂದೇನ ಕೆಲಸ್ರಿ?" ಎಂದರು ಮಾಸ್ತರು.

ಹೊಸ ತಂತಿ ಏರಿತು. ಗಂಟೆ ಬಾರಿಸಿದರು. ಭಜನೆ ನಡೆದೇ ಇತ್ತು, ನಾನು ಪೇಟಿಗೆ ಹೋಗಿ ಕುಳಿತಿದ್ದೆ. ಕೊನೆಯ ಬಿರಡೆ ತಿರುಗುವಾಗ, ಒಂದೂವರೆ ತಾಸಿನಿಂದ ನಿಂತಿದ್ದ ಕಾಕಾನ ಮೊಣಕಾಲು ಮಡಚಿತು. ಬುರುಡೆ ಅವನ ಎದೆಯಿಂದ ಜಾರಿತು. ಮಾಸ್ತರು ಹಗ್ಗದ ಕೆಳಗಿಂದ ನುಗ್ಗಿ ಎರಡೂ ತೋಳಲ್ಲಿ ಅದನ್ನು ಹಿಡಿದರು. ನೆಲಕ್ಕೆ ಒಂದು ಗೇಣು ಉಳಿದಿತ್ತು.

ಆಗಲೇ ಅದನ್ನು ಕಾಕಾನಿಗೆ ಕೊಟ್ಟು ಹೊರಗೆ ಹೋಗಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಮಾಸ್ತರು ಹಾಗೆ ಮಾಡಲಿಲ್ಲ. ಜಾರಿದ ವೀಣೆಯ ಶ್ರುತಿ ಕೆಟ್ಟಿದೆಯೇನೋ ಎಂಬುದೊಂದೇ ಅವರ ತಲೆಯಲ್ಲಿದ್ದದ್ದು. ಹೆಗಲಿಗೆ ಆನಿಸಿಕೊಂಡು, ಕಣ್ಣು ಮುಚ್ಚಿ, ನಾಲ್ಕೂ ತಂತಿ ಒಂದೊಂದಾಗಿ ಮೀಟಿದರು. ಗುಡಿಯ ಮುಂದೆ, ಹಗ್ಗದ ಒಳಗೆ.

"ಸರಿ ಐತಿ" ಎಂದರು.

ಗೌಡರ ಮಗನ ಕೈಯಲ್ಲಿ ತಾಳವಿತ್ತು. ಬಲಗಿವಿಯ ಮೇಲೆ ಮೊದಲ ಪೆಟ್ಟು ಬಿತ್ತು. ಆಮೇಲೆ ಐದಾರು ಮಂದಿ. ಒಬ್ಬ ಪೆಂಡಾಲಿನ ಬಿದಿರು ಕಿತ್ತ. ವೀಣೆಗೆ ತಾಗಬಾರದೆಂದು ಎಲ್ಲರೂ ಹಿಂದಿನಿಂದ, ಕೆಳಗಿನಿಂದ ಹೊಡೆಯುತ್ತಿದ್ದರು. ಮೀನಖಂಡಕ್ಕೆ, ಪಕ್ಕೆಗೆ, ಕತ್ತಿಗೆ. ಮಾಸ್ತರು ವೀಣೆಯನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದಿದ್ದರು. ಮೊಣಕಾಲೂರಿದ ಮೇಲೂ ಹಾಗೇ ಹಿಡಿದಿದ್ದರು. ತಮ್ಮನ್ನು ತಡೆದುಕೊಳ್ಳಲು ಅವರಿಗೆ ಕೈ ಉಳಿದಿರಲಿಲ್ಲ.

"ತಗೋಳ್ರೋ ಯಾರರೆ! ಬೀಳತೈತಿ, ಹಿಡೀರೋ!" ಎಂದು ಕೂಗಿದರು. ಕೂಗುವಾಗ ನನ್ನನ್ನೇ ನೋಡುತ್ತಿದ್ದರು.

ನಾನು ಎದ್ದು ಆ ವೀಣೆಯನ್ನು ತೆಗೆದುಕೊಂಡಿದ್ದರೆ ಅವರ ಎರಡು ಕೈ ಬಿಡುವಾಗುತ್ತಿದ್ದವು. ನಾನು ಏಳಲಿಲ್ಲ. ಭಜನೆ ನಿಲ್ಲಬಾರದು ಎಂದು ಕೈಗೆ ರೂಢಿಯಾಗಿತ್ತು. ನನ್ನ ಎಡಗೈ ಪೇಟಿಗೆ ಗಾಳಿ ಹಾಕುತ್ತಲೇ ಇತ್ತು.

ಹೆಂಗಸರ ಕಡೆಯಿಂದ ನಮ್ಮ ಆಯಿ ಎದ್ದು ಬಂದಳು. ನನ್ನ ಅಪ್ಪನ ತಾಯಿ, ಎಂಬತ್ತು ದಾಟಿದವಳು. ಬಿದಿರು ಎತ್ತಿದವನ ತೋಳ ಕೆಳಗೆ ತೂರಿ ಮಾಸ್ತರ ಮುಂದೆ ನಿಂತಳು.

"ಕೊಡೋ ಯಪ್ಪಾ, ನಾ ಹಿಡೀತೀನಿ. ನಿನ್ನ ಕೈ ನೀ ತಗೋ."

ವೀಣೆಯನ್ನು ಹೆಗಲಿಗೇರಿಸಿಕೊಂಡು ತಿರುಗಿದಳು. "ಹೊಡೀರಿ ಈಗ ನನ್ನ. ಹೆಣ್ಮಗಳು ಮುಟ್ಟೇನಿ. ಹೊಡೀರೋ ಗಂಡಸರಾ!"

ಬಿದಿರು ಕೆಳಗಿಳಿಯಿತು. ಗೌಡರ ಮಗ ಇನ್ನೊಂದು ಸಲ ಒದ್ದು ಸರಿದ. ಬಿಡುವಾದ ಕೈಗಳಿಂದ ಮಾಸ್ತರು ತಲೆ ಮುಚ್ಚಿಕೊಳ್ಳಲಿಲ್ಲ, ಹೊಟ್ಟೆ ಹಿಡಿದುಕೊಳ್ಳಲಿಲ್ಲ. ಎರಡೂ ಕಿವಿ ಮುಚ್ಚಿಕೊಂಡರು. ಬಲಗೈ ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.

ಟಂಟಂ ರಿಕ್ಷಾದಲ್ಲಿ ವಿಜಯಪುರಕ್ಕೆ ಒಯ್ದೆವು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ನಾನೇ ಮುಂದಾಗಿ ಹೇಳಿದೆ: "ಗಾಡಿ ಮ್ಯಾಲಿಂದ ಬಿದ್ದಾರ್ರಿ."

"ಕಿವಿ ಮ್ಯಾಲ ಬಿದ್ದರೇನು?" ಎಂದರು ಡಾಕ್ಟರು.

ಮಾಸ್ತರು ಎಡಗಿವಿಯಿಂದ ನನ್ನ ಮಾತು ಕೇಳಿಸಿಕೊಂಡಿದ್ದರು. ಡಾಕ್ಟರು ಆಚೆ ಹೋದ ಮೇಲೆ ಒಡೆದ ತುಟಿಯಲ್ಲೇ ಅಂದರು:

"ಬಿದ್ದೆ ಅನ್ನೂದೂ ಸುಮಾರ ಖರೇನ ಬಿಡಲೇ."

ಹಣೆಗೆ ಬಿದ್ದ ಡಸ್ಟರಿಗಿಂತ ಅದು ಜೋರಾಗಿ ತಾಗಿತು. ಆದರೂ ನಾನು ಮಾತು ತಿದ್ದಲಿಲ್ಲ. ಠಾಣೆಗೆ ಹೋಗೋಣ ಎಂದು ಮಾಸ್ತರ ಓಣಿಯ ಹುಡುಗರು ಬಂದು ಕೂತಾಗ ಮಾಸ್ತರು ನನ್ನ ಕಡೆ ಕೈ ತೋರಿಸಿ, "ನೋಡಿದವ ಅಂವ ಅದಾನ. ಅಂವ ಹೇಳಿದರ ಆತು" ಎಂದರು. ನಾನು ಗದ್ದಲದಲ್ಲಿ ಸರಿಯಾಗಿ ಕಾಣಲಿಲ್ಲ ಎಂದೆ. ಹುಡುಗರು ನನ್ನ ಕಾಲ ಬಳಿ ಉಗುಳಿ ಹೋದರು.

ಬಲಗಿವಿಯ ತಮಟೆ ಹರಿದಿತ್ತು. ಎಡಗಿವಿ ವಯಸ್ಸಿನಿಂದ ಮೊದಲೇ ಮಂದವಾಗಿತ್ತು. ಮಾತು ಹೇಗೋ ಕೇಳಿಸುತ್ತಿತ್ತು. ಎರಡು ತಂತಿಯ ನಡುವಿನ ಸಣ್ಣ ನಡುಕ ಕೇಳಿಸುತ್ತಿರಲಿಲ್ಲ. ನಾಲ್ಕು ತಿಂಗಳು ತಂಬೂರಿಗಳ ಮೇಲೆ ಧೂಳು ಕೂತಿತು. ನಾನು ಭಾನುವಾರಕ್ಕೊಮ್ಮೆ ಹೋಗಿ ಕೂಡುತ್ತಿದ್ದೆ. ಒಳಗೆ ಬಾ ಎನ್ನುತ್ತಿರಲಿಲ್ಲ, ಹೊರಗೆ ಹೋಗು ಎಂದೂ ಅನ್ನಲಿಲ್ಲ. ಒಂದು ಭಾನುವಾರ ಹೋದಾಗ ತಂಬೂರಿಯ ದಂಡಿಗೆಯ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡು ತಂತಿ ಮೀಟುತ್ತಿದ್ದರು. ಬಾಯಿ ತೆಗೆದು, "ಎಲುಬಿಗೂ ಕಿವಿ ಐತಲೇ!" ಎಂದರು. ಮುಖ ಹಬ್ಬದಂತಾಗಿತ್ತು. ಕಪಾಳಕ್ಕೆ ಹೊಡೆಯಲು ಬರುವವರಂತೆ ಕೈ ಎತ್ತಿ ನನ್ನ ಭುಜ ಕುಲುಕಿದರು.

ಈ ವರ್ಷ ಆಷಾಢದಲ್ಲಿ ಚಾಚಾ ಆಟೋದಲ್ಲಿ ಬಂದಿಳಿದರು. ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ನಮ್ಮೂರ ವೀಣೆ.

"ಏನ ಮಾಡ್ಲಿ ಮಾಸ್ತರ, ಕೊಟ್ಟ ಹೋದರು. ಯಾರ ಕಡೆ ಮಾಡಸ್ತಿ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಮಾಸ್ತರು ಕೆಮ್ಮು ಬರುವಷ್ಟು ನಕ್ಕರು. ನನ್ನ ಪೇಟಿಯನ್ನು ತರಿಸಿ, ಅದರ ಅಂಚು ಕಚ್ಚಿ ಷಡ್ಜ ಹಿಡಿದರು. ಆಮೇಲೆ ವೀಣೆಯ ದಂಡಿಗೆ ಕಚ್ಚಿದರು. ಹಿಡಿದು ನಿಂತವನ ಕೆನ್ನೆ ಬರುವ ಜಾಗವದು.

"ಸರ್, ಎಂಜಲಾ..." ಎಂದೆ ನಾನು.

"ಹಲ್ಲ ಹಚ್ಚಲಾರದ ಕೇಳಂಗಿಲ್ಲ. ಕಿವಿ ಒಡದವರು ಯಾರು, ನಾನೇನು?"

ಒಂದು ಹಗಲು ಹಿಡಿಯಿತು. ಕಟ್ಟಿಗೆಯಲ್ಲಿ ಎರಡು ಹಲ್ಲಿನ ಗುರುತು ಕೂತವು. ಪಾಲಿಶ್ ಹಚ್ಚಿ ಮುಚ್ಚುತ್ತೇನೆ ಎಂದು ಚಾಚಾ ಕೈ ಚಾಚಿದರು. ಮಾಸ್ತರು ವೀಣೆಯನ್ನು ಹಿಂದಕ್ಕೆ ಎಳೆದುಕೊಂಡರು.

"ಬ್ಯಾಡ. ಉಳದದ್ದು ಎಲ್ಲೆರೆ ಒಂದ ಕಡೆ ಇರಬೇಕಲ್ಲ."

ಹತ್ತು ದಿನಕ್ಕೆ ತೀರಿಕೊಂಡರು. ಮಣ್ಣಿಗೆ ನಮ್ಮೂರಿಂದ ಬಂದವರು ಇಬ್ಬರೇ, ನಾನು ಮತ್ತು ಆಯಿ.

ಶ್ರಾವಣ ಬಂತು. ವೀಣೆಗೆ ನೀರು ಚಿಮುಕಿಸಿ ಒಳಗೆ ತೆಗೆದುಕೊಂಡರು. ಇಷ್ಟು ಚಂದ ಯಾವ ವರ್ಷವೂ ಹೊಂದಿರಲಿಲ್ಲ ಎಂದು ಹಿರಿಯರು ಹೇಳಿದರು. ಮೂರನೆಯ ದಿನ ಬೆಳಿಗ್ಗೆ ಎಂಟಕ್ಕೆ ಗೌಡರ ಮಗನ ಪಾಳಿ ಶುರುವಾಯಿತು. ಅರ್ಧ ತಾಸಾಗಿರಬೇಕು, ಮೀಟುತ್ತಿದ್ದವನ ಹೆಬ್ಬೆರಳು ದಂಡಿಗೆಯ ಮೇಲೆ ನಿಂತಿತು.

"ಇದೇನೋ ಇದು? ಇಲಿ ಕಡದೈತೇನು?"

ಹತ್ತಿರ ಕೂತವರು ನಕ್ಕರು. ಅಂಗಡಿಯಿಂದ ವೀಣೆ ತಂದವನು ನಾನಾದ್ದರಿಂದ ನನ್ನ ಕಡೆ ನೋಡಿದ. ಅವನ ಹಿಂದೆ ಪೆಂಡಾಲಿನ ಬಿದಿರುಗಳು ಕಾಣುತ್ತಿದ್ದವು.

"ಇಲಿ ಅಲ್ಲ," ಎಂದೆ. ಎಲ್ಲರಿಗೂ ಕೇಳುವ ಹಾಗೆ ಎಂದೆ. "ಮಾಸ್ತರ ಹಲ್ಲು. ನೀ ತಾಳಲೇ ಹೊಡದು ಕಿವಿ ಒಡದಿ. ಅದಕ್ಕ ಕಚ್ಚಿ ಕೇಳಿ ಹೊಂದಸ್ಯಾರ. ನೀ ಹೊಡದದ್ದನ್ನ ನಾ ನೋಡೇನಿ."

ತಾಳಗಳು ಒಂದು ಆವರ್ತ ತಪ್ಪಿ ಮತ್ತೆ ಹಿಡಿದುಕೊಂಡವು. ಅವನು ಕೆನ್ನೆಯನ್ನು ದಂಡಿಗೆಯಿಂದ ಕಿತ್ತುಕೊಂಡ. ವೀಣೆಯನ್ನು ಎರಡೂ ತೋಳು ಚಾಚಿ ಮೈಯಿಂದ ದೂರ ಹಿಡಿದ. ಕಾಕಾನ ಕಡೆ ನೀಡಿದ. ಕಾಕಾ ಜಮಖಾನೆ ನೋಡುತ್ತ ಕುಳಿತ. ಹಿರಿಯರ ಕಡೆ ತಿರುಗಿದ. ಹಿರಿಯರು ಕಣ್ಣು ಮುಚ್ಚಿ ಜೋರಾಗಿ ಹಾಡತೊಡಗಿದರು. ಯಾರೂ ಕೈ ನೀಡಲಿಲ್ಲ.

ಹೆಂಗಸರ ಕಡೆಯಿಂದ ಆಯಿಯ ದನಿ ಬಂತು.

"ನೆಲಕ್ಕ ಇಡಬ್ಯಾಡೋ ಯಪ್ಪಾ. ಹಿಡಕೊಂಡ ನಿಂದ್ರು."

ಅವನ ತೋಳು ನಡುಗತೊಡಗಿದವು. ಮುಖವನ್ನು ವೀಣೆಯಿಂದ ಆಚೆ ತಿರುವಿಕೊಂಡು, ಸಿಟ್ಟಿನ ಕಣ್ಣಿಂದ ನನ್ನನ್ನೇ ನೋಡುತ್ತಿದ್ದ. ನಾನು ಏಳಲಿಲ್ಲ. ನನ್ನ ಎಡಗೈ ಪೇಟಿಗೆ ಗಾಳಿ ಹಾಕುತ್ತಲೇ ಇತ್ತು. ಅವನ ಪಾಳಿ ಮುಗಿಯಲು ಇನ್ನೂ ಒಂದೂವರೆ ತಾಸು ಬಾಕಿ ಇತ್ತು.